ಮಂಗಳವಾರದ ಸೀಟು

ನನಗೆ ಕೋಪ ಮೂಗಿನ ತುದೀಲೇ ಕೂತಿರುತ್ತೆ ಅಂತ ನಮ್ಮಮ್ಮ ಹೇಳ್ತಿದ್ರು. ಇರಬಹುದು. ಆದ್ರೆ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವಳಿಗೆ ಕೋಪ ಬರದೆ ಇನ್ನೇನು ಬರುತ್ತೆ? ಮೊದಲು ಬಹ್ರೇನ್‌ನಲ್ಲಿ ನಿಂತೆ, ಆಮೇಲೆ ಪರ್ತ್‌ನಲ್ಲಿ. ಎರಡೂ ಕಡೆ ಜನ ಒಂದೇ ಥರ. ಸೂಟ್‌ಕೇಸ್ ಭಾರ ಆಯ್ತು ಅಂದ್ರೆ ನಿಮ್ಮ ತಕ್ಕಡಿ ಸರಿಯಿಲ್ಲ ಅಂತಾರೆ.

ನಮ್ಮದು ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆತನ. ಅಪ್ಪ ರೈಲ್ವೇಲಿದ್ದದ್ದರಿಂದ ನಾವು ಬೆಳೆದದ್ದು ಮೈಸೂರಿನಲ್ಲಿ. ಹಾಗಾಗಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. ಗಲ್ಫ್ ಯುದ್ಧ ಮುಗಿದ ಮೇಲೆ ನಾನು, ನನ್ನ ಗಂಡ ಎರಡು ಸೂಟ್‌ಕೇಸ್ ಹಿಡ್ಕೊಂಡು ಪರ್ತ್‌ಗೆ ಬಂದ್ಬಿಟ್ವಿ. ಅಕ್ಕ ಆಗಲೇ ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿದ್ದಳು. ಅಣ್ಣ ಬ್ರಿಸ್ಬೇನ್‌ನಲ್ಲಿ, ಕ್ಯಾಲಮ್‌ವೇಲ್ ಅನ್ನೋ ಕಡೆ ಹೊಸ ಮನೆ ಕಟ್ಟಿಸ್ತಿದ್ದ. ಮೂವರೂ ಒಂದೇ ದೇಶದಲ್ಲಿದ್ದೀರಲ್ಲ, ಭಾನುವಾರ ಊಟಕ್ಕೆ ಸೇರ್ತೀರಾ ಅಂತ ಊರಿನಿಂದ ಚಿಕ್ಕಮ್ಮ ಕಾಗದ ಬರೆದಿದ್ರು. ಅವರಿಗೆ ಹೇಗೆ ಹೇಳೋದು, ನಮ್ಮ ಮನೆಯಿಂದ ಅಣ್ಣನ ಮನೆಗೆ ವಿಮಾನದಲ್ಲೇ ಅರ್ಧ ದಿನ ಅಂತ. ಆಗಿನ ಟಿಕೆಟ್ ನಮ್ಮಂಥವರ ಕೈಗೆ ಎಟಕುತ್ತಿರಲಿಲ್ಲ. ಫೋನಿನಲ್ಲೇ ಅಣ್ಣ, ಫೋನಿನಲ್ಲೇ ಅಕ್ಕ.

ಪರ್ತ್‌ನಲ್ಲಿ ನಮಗೆ ಯಾರೂ ಗೊತ್ತಿರಲಿಲ್ಲ. ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹೊರಗೆ ನಿಂತಿದ್ದಾಗ ಒಬ್ಬ ಹೆಂಗಸು ಸೀದಾ ಬಂದು, "ನೀವು ನಮ್ಮವರೇ ಅಲ್ವಾ? ಊಟ ಆಯ್ತಾ?" ಅಂದ್ರು. ಅವರೇ ಆಂಟಿ. ಪರ್ತ್‌ನಲ್ಲೇ ಥಾರ್ನ್ಲಿ ಅನ್ನೋ ಕಡೆ ಮನೆ. ಕುವೈತ್‌ನಲ್ಲಿ ನರ್ಸ್ ಆಗಿದ್ರು, ಗಂಡ ಅಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ರು, ಒಬ್ಬಳೇ ಮಗಳನ್ನ ಓದಿಸೋಕೆ ಅಂತ ಇಲ್ಲಿಗೆ ಬಂದು ವೃದ್ಧರ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸಕ್ಕಿದ್ರು. ಅವತ್ತು ಊಟಕ್ಕೆ ಅಂತ ಅವರ ಮನೆಗೆ ಹೋದವರು ನಾಲ್ಕು ತಿಂಗಳು ಅಲ್ಲೇ ಇದ್ವಿ. ಮಗಳ ರೂಮು ನಮಗೆ ಕೊಟ್ಟು ಮಗಳನ್ನ ತಮ್ಮ ಹಾಸಿಗೇಲಿ ಮಲಗಿಸಿಕೊಂಡ್ರು. ಬಾಡಿಗೆ ಮಾತು ಎತ್ತಿದ್ರೆ, "ಬಾಯಿ ಮುಚ್ಕೊಂಡು ಮೀನು ಕ್ಲೀನ್ ಮಾಡು" ಅಂತಿದ್ರು. ಆಮೇಲೆ ನಾವು ಎರಡು ರಸ್ತೆ ಆಚೆ ಮನೆ ಮಾಡಿದ್ವಿ. ಮಗಳು ಓದು ಮುಗಿಸಿ ಬ್ರಿಸ್ಬೇನ್‌ನಲ್ಲಿ ಫಾರ್ಮಸಿಸ್ಟ್ ಆಗಿ ಸೇರಿದಳು.

ಆ ಹೊತ್ತಿಗೇ ಹೊಸ ಏರ್‌ಲೈನ್ ಬಂತು. ಪರ್ತ್‌ನಿಂದ ಹೊರಟು ಅಡಿಲೇಡ್‌ನಲ್ಲಿ ಇಳಿದು ಬ್ರಿಸ್ಬೇನ್‌ಗೆ ಹೋಗೋ ವಿಮಾನ, ದೊಡ್ಡ ಕಂಪನಿಗಳ ಅರ್ಧ ರೇಟು. ನನ್ನ ಬಹ್ರೇನ್ ಅನುಭವ ನೋಡಿ ಇಂಟರ್ವ್ಯೂ ಮಾಡಿದ ಮರುದಿನವೇ ಕೆಲಸಕ್ಕೆ ಕರೆದ್ರು. ಹಳದಿ ಸ್ಕಾರ್ಫು, ನೀಲಿ ಸ್ಕರ್ಟು. ಕನ್ನಡಿ ಮುಂದೆ ನಿಂತು ನೋಡ್ಕೊಂಡೆ, ಪರವಾಗಿಲ್ಲ ಅನ್ನಿಸ್ತು.

ವಿಮಾನಗಳು ಮಾತ್ರ ನಮ್ಮವಲ್ಲ, ಬಾಡಿಗೆಯವು. ಕೆನಡಾದ ಒಂದು ಚಾರ್ಟರ್ ಕಂಪನಿ ಮೂರು ವಿಮಾನ, ಅವಕ್ಕೆ ಪೈಲಟ್‌ಗಳು, ಇಂಜಿನಿಯರುಗಳು ಎಲ್ಲ ಸೇರಿಸಿ ಕಳಿಸಿತ್ತು. ಸೀಟಿನ ಜೇಬಲ್ಲಿರೋ ಕಾರ್ಡುಗಳಲ್ಲಿ ಇಂಗ್ಲಿಷ್ ಜೊತೆಗೆ ಫ್ರೆಂಚ್. ಸಾಮಾನು ಸರಂಜಾಮಿನ ಪೆಟ್ಟಿಗೆ ಬಿಚ್ಚಿದಾಗ ಹಿಮ ಕೆರೆಯೋ ಉದ್ದನೆ ಬ್ರಶ್ಶುಗಳು ಬಂದವು. ಹೊರಗೆ ಡಾಂಬರು ಕರಗೋ ಬಿಸಿಲು. ಲಗೇಜು ಹೇರೋ ಲೋಡರ್‌ಗಳು ಆ ಬ್ರಶ್ಶಿನಲ್ಲಿ ತಮ್ಮ ಕಾರು ತೊಳೆದ್ರು.

ಕೆನಡಾದವರ ಪೈಕಿ ನನಗೆ ಸಲಿಗೆ ಬೆಳೆದದ್ದು ಹಿರಿಯ ಇಂಜಿನಿಯರ್ ಒಬ್ಬರ ಜೊತೆ. ಬಿಳಿ ಗಡ್ಡ, ಮಾತು ಕಡಿಮೆ, ನನ್ನ ಫ್ಲಾಸ್ಕಿನ ಶುಂಠಿ ಟೀ ಕುಡಿಯೋಕೆ ದಿನಾ ಮಧ್ಯಾಹ್ನ, ಇಲ್ಲಿಯವರ ಬಾಯಲ್ಲಿ ಅರ್ವೋ, ಮೂರು ಗಂಟೆಗೆ ಬರ್ತಿದ್ರು. ಅವರು ಆ ಚಾರ್ಟರ್ ಕಂಪನೀಲಿ ಮೊದಲ ದಿನದಿಂದ ಇದ್ದವರು. ಶುರುವಿನಲ್ಲಿ ಇದ್ದದ್ದು ಒಂದೇ ಹಳೇ ವಿಮಾನವಂತೆ. ಚಳಿಗಾಲದಲ್ಲಿ ಹಿಮದಿಂದ ತಪ್ಪಿಸಿಕೊಳ್ಳೋ ಜನರನ್ನ ಬಿಸಿಲಿನ ಊರಿಗೆ ಒಯ್ಯೋದು, ಬೇಸಿಗೇಲಿ ಕಾಲೇಜು ಹುಡುಗರನ್ನ ಯುರೋಪಿಗೆ ಒಯ್ಯೋದು. ಸ್ವತಃ ಮಾಲೀಕನೇ ಗೇಟಿನಲ್ಲಿ ನಿಂತು ಟಿಕೆಟ್ ಹರೀತಿದ್ದನಂತೆ. ಸೀಟು ತುಂಬಿದವು, ಎರಡನೇ ವಿಮಾನ ಬಂತು, ಐದಾಯ್ತು, ಹತ್ತಾಯ್ತು. "ಆಮೇಲೆ ಮಾಲೀಕ ಗೇಟಿಗೆ ಬರೋದು ನಿಲ್ಲಿಸಿದ, ಮಹಡಿ ಮೇಲೆ ಆಫೀಸು ಮಾಡಿದ. ಆಗಲೇ ನನಗೆ ಸ್ವಲ್ಪ ಭಯ ಆಯ್ತು" ಅಂದ್ರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನೋ ನಮ್ಮ ಗಾದೇನ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನಕ್ಕು ಇನ್ನೊಂದು ಕಪ್ ಟೀ ಬಗ್ಗಿಸಿಕೊಂಡ್ರು.

ಮೊದಲ ಒಂದೂವರೆ ವರ್ಷ ನಮಗೆ ಹಬ್ಬ. ನಮ್ಮವರೆಲ್ಲ ಹಾರೋಕೆ ಶುರು ಮಾಡಿದ್ರು. ನಾಮಕರಣ, ಬರ್ತ್‌ಡೇ, ಸುಮ್ನೆ ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನೋ ಒಂದು ಬಾರ್ಬಿಗೂ ಹಾರೋದೇ. ನಮ್ಮ ಜನ ಜಾಹೀರಾತು ನಂಬಲ್ಲ, ಮನುಷ್ಯರನ್ನ ನಂಬ್ತಾರೆ. "ನಮ್ಮ ಹುಡುಗಿ ಏರ್‌ಲೈನಲ್ಲಿದ್ದಾಳೆ" ಅಂತ ಒಬ್ಬರಿಂದ ಒಬ್ಬರಿಗೆ ಹರಡಿ, ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ನನ್ನ ಸುತ್ತ ಗುಂಪು ಸೇರ್ತಿತ್ತು. ಪಾದ್ರಿಗಳೂ ಒಂದು ಟಿಕೆಟ್ ಬರೆಸಿದ್ರು. ನಾನು ಡೈರಿ ಬಿಚ್ಚಿ, ಪೆನ್ನು ಕಚ್ಚಿಕೊಂಡು, ದೊಡ್ಡ ಮನುಷ್ಯಳ ಹಾಗೆ ಬರ್ಕೊಳ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ, ತುಂಬಾ ಖುಷಿಯಾಗ್ತಿತ್ತು.

ನಾನು ಅಣ್ಣನ ಮನೆಗೆ ಹೋಗುವಾಗ ವಿಮಾನ ಅಡಿಲೇಡ್‌ನಲ್ಲಿ ಮುಕ್ಕಾಲು ಗಂಟೆ ನಿಲ್ತಿತ್ತು. ಆಗ ಯಾರು ಬೇಕಾದ್ರೂ ಗೇಟಿನವರೆಗೆ ಬರಬಹುದಿತ್ತು. ಅಕ್ಕ ಬ್ಲೇರ್ ಅಥಾಲ್‌ನಿಂದ ಕಾರು ಓಡಿಸ್ಕೊಂಡು, ದಾರೀಲಿ ಸರ್ವೋದಲ್ಲಿ ಪೆಟ್ರೋಲ್ ಹಾಕಿಸ್ಕೊಂಡು, ಟಿಫಿನ್ ಕ್ಯಾರಿಯರ್ ಹಿಡಿದು ಬಂದು ನಿಲ್ತಿದ್ದಳು. ಪ್ಲಾಸ್ಟಿಕ್ ಕುರ್ಚೀಲಿ ಕೂತು ಇಬ್ಬರೂ ಸಣ್ಣ ಅನ್ನೋ ನಮ್ಮ ಕಡೆಯ ಇಡ್ಲಿ, ಕೋಳಿ ಸಾರು ತಿಂತಿದ್ವಿ. ಅಷ್ಟರಲ್ಲೇ ಒಂದು ಜಗಳ, ಒಂದು ರಾಜಿ ಆಗಿಹೋಗ್ತಿತ್ತು. ವಾಪಸ್ ಬರುವಾಗ ತನ್ನ ಹಿತ್ತಲಿನ ಕರಿಬೇವು, ಹಣ್ಣು ತುರುಕ್ತಿದ್ದಳು. ಪರ್ತ್‌ನಲ್ಲಿ ಇಳಿದ ತಕ್ಷಣ, ಬೇರೆ ರಾಜ್ಯದ ಹಣ್ಣು ಸೊಪ್ಪು ಒಳಗೆ ಬಿಡದ ಕ್ವಾರಂಟೀನಿನವರು ಅದನ್ನೆಲ್ಲ ಕಸದ ಡಬ್ಬಿಗೆ ಹಾಕ್ತಿದ್ರು. ಪ್ರತೀ ಸಲ ಹೇಳಿದ್ರೂ ಅಕ್ಕ ಪ್ರತೀ ಸಲ ತುರುಕಿದಳು.

ಎರಡನೇ ವರ್ಷ ಆಂಟಿಯ ಮಗಳ ಮದುವೆ ಗೊತ್ತಾಯ್ತು. ಹುಡುಗ ಬ್ರಿಸ್ಬೇನ್‌ನವನು, ಮದುವೆ ಅಲ್ಲೇ ಶನಿವಾರ ಬೆಳಿಗ್ಗೆ. ಅಲ್ಲಿ ಮಗಳಿಗೆ ಬೇರೆ ಮನೆಯವರು ಇರಲಿಲ್ಲ, ಹಾಗಾಗಿ ಹಿಂದಿನ ದಿನ ಸಂಜೆ ಆರಕ್ಕೆ ನಮ್ಮಣ್ಣನ ಮನೆಯ ಕಾರ್‌ಪೋರ್ಟಿನಲ್ಲಿ ಚಪ್ಪರ ಹಾಕಿ ರೋಸ್. ನಮ್ಮಲ್ಲಿ ರೋಸ್ ಅಂದ್ರೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮಾಡಿಸೋ ಸ್ನಾನ. ಹುಡುಗಿಯನ್ನ ಮಣೆ ಮೇಲೆ ಕೂರಿಸಿ, ತಾಯಿ ಮೊದಲು ಹಣೆಗೆ ಶಿಲುಬೆ ಗುರುತು ಹಾಕಿ ತೆಂಗಿನ ಹಾಲು ಹೊಯ್ಯಬೇಕು. ಆಮೇಲೆ ಉಳಿದವರು. ಹಿರಿಯ ಹೆಂಗಸರು ಹಾಡು ಹೇಳ್ತಾರೆ, ಎಲ್ಲರೂ ಅಳ್ತಾರೆ, ಆಮೇಲೆ ಎಲ್ಲರೂ ಊಟ ಮಾಡ್ತಾರೆ.

"ಮದುವೆ ಪಾದ್ರಿ ಮಾಡಿಸ್ತಾರೆ. ರೋಸ್ ತಾಯಿ ಮಾಡಿಸ್ತಾಳೆ" ಅಂತ ಆಂಟಿ ಆ ಎರಡು ತಿಂಗಳಲ್ಲಿ ನೂರು ಸಲ ಹೇಳಿರಬಹುದು. ಗಂಡ ಇಲ್ಲದೆ, ನೈಟ್ ಡ್ಯೂಟಿ ಮಾಡಿ ಮಗಳನ್ನ ಬೆಳೆಸಿದ್ರು. ಅವರಿಗೆ ಮದುವೆಯ ಹಾಲ್, ಕೇಕು, ಸೂಟು ಬೂಟು ಯಾವುದೂ ಮುಖ್ಯ ಆಗಿರಲಿಲ್ಲ. ಆ ಮೊದಲ ಕೈ ಒಂದೇ.

ಹೋಗೋ ದಿನ ಗುರುವಾರ ಅಂತ ಅವರೇ ಗಟ್ಟಿ ಮಾಡಿದ್ರು. ಮಗಳಿಗಾಗಿ ಮಾತೆ ಮರಿಯಮ್ಮನಿಗೆ ಒಂಬತ್ತು ಬುಧವಾರ ಚರ್ಚಿನಲ್ಲಿ ನೊವೆನಾ ಪ್ರಾರ್ಥನೆ ಮಾಡೋ ಹರಕೆ ಹೊತ್ತಿದ್ರು, ಒಂಬತ್ತನೇದು ಆ ವಾರವೇ ಬೀಳ್ತಿತ್ತು. ಬುಧವಾರ ಸಂಜೆ ನೊವೆನಾ ಮುಗಿಸಿ ಗುರುವಾರ ಬೆಳಿಗ್ಗೆ ವಿಮಾನ. ಆಗ ಆರು ತಿಂಗಳಿಗೆ ಅಂತ ನನ್ನ ಹತ್ರ ಬಂದಿದ್ದ ನಮ್ಮಮ್ಮನಿಗೂ ಅದರಲ್ಲೇ ಸೀಟು ಹಾಕಿದೆ. ಚರ್ಚಿನ ಇನ್ನೂ ಹತ್ತು ಹದಿನೈದು ಜನಕ್ಕೂ. ನನಗೆ ಮಾತ್ರ ರಜೆ ಸಿಗಲಿಲ್ಲ, ಶಾಲೆಗಳಿಗೆ ರಜೆ ಬಿದ್ದು ಎಲ್ಲಾ ವಿಮಾನಗಳೂ ಹೆಚ್ಚುಕಮ್ಮಿ ತುಂಬಿದ್ದವು.

ಮದುವೆಗೆ ಒಂದು ವಾರ ಇರುವಾಗ, ಶನಿವಾರ, ಇಂಜಿನಿಯರ್ ಟೀಗೆ ಬಂದ್ರು. ಕೊಟ್ಟ ಕಪ್ಪನ್ನ ಕುಡೀದೆ ಕೆಳಗಿಟ್ರು. ಆಮೇಲೆ ಮೆಲ್ಲಗೆ ಹೇಳಿದ್ರು. ಕೆನಡಾದಲ್ಲಿ ಅವರ ಕಂಪನಿ ಮುಳುಗಿತ್ತು. ವಿಮಾನಗಳಿಗೆ ಸಾಲ ಕೊಟ್ಟವರು ಎಲ್ಲೆಲ್ಲಿ ಯಾವ ವಿಮಾನ ನಿಂತಿದೆ ಅಂತ ಪಟ್ಟಿ ಮಾಡ್ತಿದ್ರು. ಇಲ್ಲಿಯ ಮೂರಕ್ಕೂ ಬೀಗ ಬೀಳೋಕೆ ಇನ್ನು ನಾಲ್ಕೈದು ದಿನ.

"ನಿನ್ನವರು ಯಾರಾದ್ರೂ ಹೋಗೋದಿದ್ರೆ ಬುಧವಾರದೊಳಗೆ ಹೋಗ್ಲಿ. ಹೊರಗೆ ಹೇಳಬೇಡ. ಸುದ್ದಿ ಹಬ್ಬಿದ್ರೆ ಇವತ್ತೇ ನಿಂತುಹೋಗುತ್ತೆ, ನಾಳೆ ಹಾರಬೇಕಾದವರೂ ಹಾರಲ್ಲ" ಅಂದ್ರು. ನಾನು ಹೇಳಲ್ಲ ಅಂತ ಮಾತು ಕೊಟ್ಟೆ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಮ್ಮ ವಿಮಾನಗಳು ಆವತ್ತೂ ತುಂಬಿಕೊಂಡೇ ಹಾರಿದ್ವು. ಎಲ್ಲೋ ಹಿಮ ಬೀಳೋ ಊರಲ್ಲಿ ಯಾರದೋ ಲೆಕ್ಕ ತಪ್ಪಿತ್ತು, ನಾವು ಮುಚ್ಚಬೇಕು. ಆ ಸಂಜೆ ನಾನು ಮೊದಲು ಮಾಡಿದ ಕೆಲಸ ಏನು ಅಂದ್ರೆ, ನಮ್ಮಮ್ಮನ ಟಿಕೆಟ್ ಮಂಗಳವಾರಕ್ಕೆ ಬದಲಾಯಿಸಿದ್ದು. ಒಂದೇ ಒಂದು ಸೀಟು ಖಾಲಿ ಇತ್ತು ಅಂತ ನಾನು ಹೇಳಿದ್ರೆ ನಿಮಗೆ ಸಮಾಧಾನ ಆಗ್ಬಹುದು. ಇಲ್ಲ, ಮೂರು ಸೀಟು ಖಾಲಿ ಇದ್ವು.

ಭಾನುವಾರ ಆಂಟಿ ಮನೆಗೆ ಹೋದೆ, ಗುರುವಾರದ ಟಿಕೆಟ್ ಕೊಡೋಕೆ. ಅವರು ನೆಲದ ಮೇಲೆ ತೆಂಗಿನಕಾಯಿ ಹರಡ್ಕೊಂಡು ಕೂತಿದ್ರು. ಏಷ್ಯನ್ ಅಂಗಡೀಲಿ ಸಿಗೋ ಕಾಯಲ್ಲಿ ಅರ್ಧಕ್ಕರ್ಧ ಕೊಳೆತಿರುತ್ತೆ, ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ ನೀರು ಇದೆಯಾ ಅಂತ ನೋಡಿ ಆರಿಸ್ತಿದ್ರು.

"ಆಂಟಿ, ನೀವೂ ಅಮ್ಮನ ಜೊತೆ ಮಂಗಳವಾರವೇ ಹೋಗ್ಬಿಡಿ" ಅಂದೆ.

"ಯಾಕೆ?"

"ಅಮ್ಮನಿಗೆ ಜೊತೆ ಆಗುತ್ತೆ."

"ಒಂಬತ್ತನೇ ಬುಧವಾರ ತಪ್ಪಿಸೋಕಾಗುತ್ತಾ? ಎಂಟು ಮಾಡಿ ಒಂದು ಬಿಟ್ರೆ ಮರಿಯಮ್ಮ ಏನಂದ್ಕೊಳ್ತಾಳೆ? ನಿಮ್ಮಮ್ಮ ಮಗು ಅಲ್ಲ, ಹೋಗ್ತಾರೆ ಬಿಡು."

ಬ್ರಿಸ್ಬೇನ್‌ನಲ್ಲಿ ನೊವೆನಾ ಇರಲ್ವಾ ಅಂತ ಕೇಳಿದೆ. ಹರಕೆ ಹೊತ್ತ ಚರ್ಚಿನಲ್ಲೇ ಮುಗಿಸಬೇಕು ಅಂದ್ರು. ಅಷ್ಟೇ. ಕಾರಣ ಹೇಳಿದ್ದಿದ್ರೆ ಅವರು ಹೊರಡ್ತಿದ್ರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮರಿಯಮ್ಮನ ಹತ್ರ ಆಮೇಲೆ ಮಾತಾಡ್ತೀನಿ ಅಂತ ಹೇಳಿ ಪೆಟ್ಟಿಗೆ ಕಟ್ಟೋ ಹೆಂಗಸು ಅವರು. ಆದ್ರೆ ಅವರ ಹೊಟ್ಟೇಲಿ ಮಾತು ನಿಲ್ಲಲ್ಲ, ಸಂಜೆಯೊಳಗೆ ಇಡೀ ಚರ್ಚಿಗೆ ಗೊತ್ತಾಗುತ್ತೆ, ಮಂಗಳವಾರದ ವಿಮಾನವೂ ನಿಲ್ಲುತ್ತೆ, ನಮ್ಮಮ್ಮನೂ ಇಲ್ಲೇ. ಹಾಗಂತ ಯೋಚನೆ ಮಾಡಿದೆ. ನಾಲ್ಕೈದು ದಿನ ಅಂದ್ರೆ ಗುರುವಾರ ಹಾರಿದ್ರೂ ಹಾರಬಹುದು ಅಂತಲೂ ಅಂದ್ಕೊಂಡೆ. ಟಿಕೆಟ್ ಕೈಗಿಟ್ಟು, ಕೊಟ್ಟ ಬಾಳೆಹಣ್ಣಿನ ಹಲ್ವ ತಿಂದು ಮನೆಗೆ ಬಂದೆ.

ಮಂಗಳವಾರ ಅಮ್ಮ ಹೋದ್ರು. ಅಡಿಲೇಡ್‌ನಲ್ಲಿ ಅಕ್ಕ ಗೇಟಿಗೆ ಬಂದು ಅವಳೂ ಅದೇ ವಿಮಾನ ಹತ್ತಿದಳಂತೆ. ಬುಧವಾರದ ವಿಮಾನವೂ ಹೋಯ್ತು. ಸಂಜೆ ಆಂಟಿ ಒಂಬತ್ತನೇ ನೊವೆನಾ ಮುಗಿಸಿ ಚರ್ಚಿನಲ್ಲಿ ಎಲ್ಲರಿಗೂ ಚಾಕ್ಲೇಟ್ ಹಂಚಿದ್ರು.

ಗುರುವಾರ ಬೆಳಿಗ್ಗೆ ಆರಕ್ಕೆ ನಾನು ಹೋದಾಗ ನಮ್ಮ ಕೌಂಟರಿನ ಮೇಲೆ ಒಂದು ಕಾಗದ ಅಂಟಿಸಿದ್ರು. ವಿಮಾನ ಅಲ್ಲೇ ಹೊರಗೆ, ಗಾಜಿನಾಚೆ, ಕಾಣೋ ಹಾಗೇ ನಿಂತಿತ್ತು. ಚಕ್ರಕ್ಕೆ ಸರಪಳಿ ಹಾಕಿದ್ರು. ಆಂಟಿ ರೇಷ್ಮೆ ಸೀರೆ ಉಟ್ಟು, ಕಾರ್ಡಿಗನ್ ಹಾಕಿ, ಆರಿಸಿದ ತೆಂಗಿನಕಾಯಿಗಳ ಚೀಲ ಹಿಡಿದು ಬಂದ್ರು. ಹಿಂದೇನೇ ಚರ್ಚಿನವರು. ನಾನು ಮ್ಯಾನೇಜರ್ ಮೇಲೆ ಹಾರಾಡಿದೆ. ಜನರನ್ನ ಏನು ಅಂತ ತಿಳಿದಿದ್ದೀರಿ, ಮೊದಲೇ ಹೇಳೋಕೇನಾಗಿತ್ತು ಅಂತ ಇಡೀ ಹಾಲಿಗೆ ಕೇಳೋ ಹಾಗೆ ಕೂಗಿದೆ. ನನ್ನ ಧ್ವನಿ ನನಗೇ ಅಸಹ್ಯ ಆಗ್ತಿತ್ತು, ಆದ್ರೂ ನಿಲ್ಲಲಿಲ್ಲ. ಆಂಟಿ ನನ್ನ ಭುಜ ಹಿಡಿದು ಕೂರಿಸಿದ್ರು.

"ಪಾಪ, ಇವಳಿಗೇನು ಗೊತ್ತಿತ್ತು. ಇವಳ ಕೆಲಸವೂ ಹೋಯ್ತಲ್ಲ" ಅಂತ ಉಳಿದವರಿಗೆ ಹೇಳಿದ್ರು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಯಾರೂ ಕಳ್ಳ ಅನ್ನಲಿಲ್ಲ, ನಾನೇ ಹೆಗಲು ಸವರ್ಕೊಳ್ತಾ ಕೂತೆ.

ಆ ದಿನ ಪೂರ್ತಿ ಬೇರೆ ಕೌಂಟರುಗಳ ಮುಂದೆ ಅಲೆದೆ. ಗೊತ್ತಿದ್ದವರ ಕಾಲು ಹಿಡಿಯೋದೊಂದು ಬಾಕಿ. ಕೊನೆಗೆ ಸಿಕ್ಕಿದ್ದು ಒಂದೇ ಸೀಟು, ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ತಲುಪೋದು. ಮದುವೆಗೆ ಆಗುತ್ತೆ, ರೋಸ್‌ಗೆ ಆಗಲ್ಲ. ಆಂಟಿಗೆ ಹೇಳಿದೆ. ಅವರು ಸರಿ ಅಂದ್ರು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಂದು ಸಲ ಸರಿ ಅಂದ್ರು.

ಮಗಳು ಫೋನ್ ಮಾಡಿ, ನಿನ್ನ ಬದಲು ಮೊದಲ ಕೈ ಯಾರು ಹಾಕಬೇಕಮ್ಮಾ ಅಂತ ಕೇಳಿದಳಂತೆ. ಆ ಹೊತ್ತಿಗೆ ಹೇಳ್ತೀನಿ ಅಂದಿದ್ರಂತೆ ಆಂಟಿ.

ಶುಕ್ರವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಅಲ್ಲಿ ಸಂಜೆ ಆರು ಅಂದ್ರೆ ನಮ್ಮಲ್ಲಿ ನಾಲ್ಕು. ಅಡುಗೆಮನೇಲಿ ಆಂಟಿ ಕಾಯಿ ತುರಿದು, ರುಬ್ಬಿ, ಬಟ್ಟೇಲಿ ಹಿಂಡ್ತಿದ್ರು. ಗಟ್ಟಿ ಹಾಲು, ಒಂದು ಪಾತ್ರೆ ತುಂಬ.

"ಇದ್ಯಾಕೆ ಆಂಟಿ?"

"ಕೈ ಸುಮ್ನಿರಲ್ಲ. ಮಗಳ ರೋಸ್ ದಿನ ತಾಯಿ ಕೈ ಒಣಗಿರಬಾರದು."

ಫೋನ್ ಬಂತು. ರಿಸೀವರ್ ಎತ್ತಿ ಮೇಜಿನ ಮೇಲಿಟ್ರು. ಆಚೆಯಿಂದ ಗಲಾಟೆ, ಮಕ್ಕಳ ಇಂಗ್ಲಿಷು, ಹೆಂಗಸರ ಹಾಡಿನ ಶ್ರುತಿ ಸಣ್ಣಗೆ ಕೇಳ್ತಿತ್ತು. ಆಂಟಿ ಬಾತ್‌ರೂಮಿನ ಪುಟ್ಟ ಸ್ಟೂಲು ತಂದು ಅಡುಗೆಮನೆ ಮಧ್ಯದಲ್ಲಿಟ್ಟು ನನ್ನ ಕಡೆ ನೋಡಿದ್ರು.

"ಕೂತ್ಕೋ. ಅವಳ ಬದಲು ನೀನು. ನಾಲ್ಕು ತಿಂಗಳು ಅವಳ ರೂಮಲ್ಲೇ ಇದ್ದವಳಲ್ವಾ?"

ಕೂತೆ. ಅವರು ಹಾಲಿನಲ್ಲಿ ಹೆಬ್ಬೆರಳು ಅದ್ದಿ ನನ್ನ ಹಣೆ ಮೇಲೆ ಶಿಲುಬೆ ಗುರುತು ಹಾಕಿದ್ರು. ಬೆರಳು ಬೆಚ್ಚಗಿತ್ತು. ಆಗ ನನ್ನ ಕೈಲಿ ತಡಕೊಳ್ಳೋಕಾಗಲಿಲ್ಲ.

"ಆಂಟಿ, ನನಗೆ ಗೊತ್ತಿತ್ತು."

"ಏನು?"

"ವಿಮಾನ ನಿಲ್ಲುತ್ತೆ ಅಂತ. ಶನಿವಾರವೇ ಗೊತ್ತಾಯ್ತು. ಅದಕ್ಕೇ ಅಮ್ಮನ್ನ ಮಂಗಳವಾರ ಕಳಿಸಿದೆ."

ಅವರ ಕೈ ಪಾತ್ರೇಲೇ ಉಳೀತು. ಫೋನಿನೊಳಗೆ ಯಾರೋ ಹಲೋ ಹಲೋ ಅಂತಿದ್ರು.

"ಭಾನುವಾರ ಇಲ್ಲಿ ಕೂತು ಹಲ್ವ ತಿಂದ್ಯಲ್ಲ" ಅಂದ್ರು.

"ಹೂಂ."

"ಹೇಳಿದ್ರೆ ಬುಧವಾರ ಬಿಡ್ತಿದ್ದೆ."

"ಗೊತ್ತಿತ್ತು, ಆಂಟಿ."

ಬೈತಾರೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿತ್ತು, ಬೈಗುಳ ನನಗೆ ಅಭ್ಯಾಸ. ಅವರು ಸೆರಗಲ್ಲಿ ಕೈ ಒರೆಸ್ಕೊಂಡು ಹೋಗಿ ಫೋನ್ ಎತ್ಕೊಂಡ್ರು. ನಮ್ಮಮ್ಮನ್ನ ಕರೀರಿ ಅಂದ್ರು. ಅಮ್ಮ ಬಂದ ಮೇಲೆ, "ನನ್ನ ಬದಲು ಮೊದಲ ಕೈ ನೀವೇ ಹಾಕಿ. ಇಲ್ಲಿಂದ ಹೊರಟು ಅಲ್ಲಿಗೆ ತಲುಪಿದ ತಾಯಿ ನೀವೊಬ್ಬರೇ" ಅಂದ್ರು. ಧ್ವನಿ ಗಟ್ಟಿಯಾಗೇ ಇತ್ತು. ನಮ್ಮಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ, ಅಳ್ತಾ ಒಪ್ಪಿಕೊಂಡ್ರು. ಆಂಟಿ ಮಗಳಿಗೆ ಫೋನಿನಲ್ಲೇ ಒಂದು ಪ್ರಾರ್ಥನೆ ಹೇಳಿ ರಿಸೀವರ್ ಮತ್ತೆ ಮೇಜಿನ ಮೇಲಿಟ್ರು.

ವಾಪಸ್ ಬಂದು, ಪಾತ್ರೇಲಿದ್ದ ಹಾಲನ್ನೆಲ್ಲ ಬೊಗಸೆ ಬೊಗಸೆಯಾಗಿ ನನ್ನ ತಲೆ ಮೇಲೆ ಹೊಯ್ದ್ರು. ಅವಸರ ಮಾಡಲಿಲ್ಲ, ಒಂದು ಹನಿ ಉಳಿಸಲೂ ಇಲ್ಲ. ಕಣ್ಣಿಗೆ, ಕಿವಿಗೆ, ಕುತ್ತಿಗೆಗೆ ಇಳೀತು. ಆಚೆ ಹಾಡು ಶುರುವಾಗಿತ್ತು, ಇವರೂ ಮೆಲ್ಲಗೆ ಜೊತೆಗೆ ಹೇಳಿದ್ರು. ನಾನು ಕಣ್ಣು ಮುಚ್ಚಿ ಕೂತಿದ್ದೆ, ಅಳು ಯಾವುದು ಹಾಲು ಯಾವುದು ಅಂತ ಗೊತ್ತಾಗ್ತಿರಲಿಲ್ಲ. ಮುಗಿದ ಮೇಲೆ, "ಏಳು, ಬಿಸಿನೀರಲ್ಲಿ ತಲೆ ತೊಳ್ಕೋ. ಇಲ್ದಿದ್ರೆ ನಾಳೆ ವಾಸನೆ ಬರುತ್ತೆ" ಅಂದ್ರು. ಸಂಜೆ ಆಂಟಿಯನ್ನ ಏರ್‌ಪೋರ್ಟಿಗೆ ನನ್ನ ಗಂಡ ಬಿಟ್ಟು ಬಂದ್ರು. ನಾನು ಹೋಗಲಿಲ್ಲ.

ಇಂಜಿನಿಯರ್ ಕೆಲವು ದಿನ ಬಿಟ್ಟು ಊರಿಗೆ ಹೋದ್ರು, ವಿಮಾನಗಳನ್ನ ಯಾರೋ ಬಂದು ಒಯ್ದ್ರು. ನನಗೆ ಥಾರ್ನ್ಲಿ ಶಾಪಿಂಗ್ ಸೆಂಟರಿನ ಒಂದು ಟ್ರಾವೆಲ್ ಏಜೆನ್ಸೀಲಿ ಕೆಲಸ ಸಿಕ್ತು. ಚರ್ಚಿನವರು ಒಬ್ಬೊಬ್ಬರಾಗಿ ಮತ್ತೆ ನನ್ನ ಹತ್ರಾನೇ ಟಿಕೆಟ್‌ಗೆ ಬಂದ್ರು. ಆಂಟಿ ನನ್ನ ವಿಷಯ ಯಾರಿಗೂ ಹೇಳಿರಲಿಲ್ಲ. ಹೊಟ್ಟೇಲಿ ಮಾತು ನಿಲ್ಲದ ಹೆಂಗಸು, ಆ ಮಾತೊಂದನ್ನ ಇಟ್ಕೊಂಡ್ರು.

ನಮ್ಮ ಮನೆಗೆ ಬರೋದು, ಹೋಗೋದು, ಮೀನು ಕಳಿಸೋದು ಯಾವುದೂ ನಿಲ್ಲಲಿಲ್ಲ. ಮೊಮ್ಮಗು ಹುಟ್ಟಿದಾಗ ಬ್ರಿಸ್ಬೇನ್‌ಗೆ, ಆಮೇಲೆ ಒಂದೆರಡು ಸಲ ಊರಿಗೆ, ಎಲ್ಲಾ ಟಿಕೆಟ್ಟೂ ನನ್ನ ಕೈಲೇ ಮಾಡಿಸಿದ್ರು. ಪ್ರತೀ ಸಲ ನಾನು ದಿನ, ಟೈಮು, ರೇಟು ಎಲ್ಲ ವಿವರಿಸಿದ ಮೇಲೆ ಕೌಂಟರಿನಾಚೆ ಕೂತು, ಕನ್ನಡಕ ತೆಗೆದು ಒರೆಸ್ತಾ, ಸಿಟ್ಟಿಲ್ಲದ ಧ್ವನೀಲಿ ಒಂದೇ ಮಾತು ಕೇಳ್ತಿದ್ರು.

"ನಿಮ್ಮಮ್ಮನ್ನಾದ್ರೆ ಯಾವುದರಲ್ಲಿ ಕಳಿಸ್ತಿದ್ದೆ? ಅದರಲ್ಲೇ ಹಾಕು."